ಪೆಡಲಿನಲ್ಲಿ ‘ಟಕ್’: ಫಿಕ್ಸ್‌ಡ್ ಗೇರ್ ಸೈಕಲಿನ ದೋಷ ಹುಡುಕುವ ಕೈಪಿಡಿ

ಫ್ರೀವೀಲ್ (ತುಳಿಯದಿದ್ದರೂ ಚಕ್ರ ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರ) ಇರುವ ಸೈಕಲಿನಲ್ಲಿ ಕಾಲಿನ ಬಲ ಒಂದೇ ದಿಕ್ಕಿಗೆ ಹೋಗುತ್ತದೆ. ತುಳಿದರೆ ಚೈನು ಎಳೆಯುತ್ತದೆ, ಬಿಟ್ಟರೆ ಸುಮ್ಮನಿರುತ್ತದೆ. ಫಿಕ್ಸ್‌ಡ್ ಗೇರಿನಲ್ಲಿ ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ವೇಗ ತಗ್ಗಿಸಲು ಕಾಲನ್ನು ಹಿಂದಕ್ಕೆ ಒತ್ತಿದಾಗ ಅದೇ ಚೈನು, ಅದೇ ಕಾಗ್ (ಹಿಂದಿನ ಹಲ್ಲುಚಕ್ರ), ಅದೇ ಕ್ರ್ಯಾಂಕ್ (ಪೆಡಲ್ ಸೇರುವ ತೋಳು) ಎದುರು ದಿಕ್ಕಿನ ಬಲವನ್ನೂ ಹೊರಬೇಕು. ಎಲ್ಲಾದರೂ ಸ್ವಲ್ಪ ಸಡಿಲವಿದ್ದರೆ, ಬಲದ ದಿಕ್ಕು ಬದಲಾಗುವ ಗಳಿಗೆಯಲ್ಲಿ ಅದು ಪಾದಕ್ಕೆ ತಿಳಿಯುತ್ತದೆ. ಸವಾರರು ‘ಟಕ್ ಅಂತದೆ’ ಎಂದು ದೂರುವುದು ಇದನ್ನೇ.

ಈ ಟಕ್ ಬರೀ ಕಿರಿಕಿರಿ ಎಂದು ತಳ್ಳಿಹಾಕುವಂಥದ್ದಲ್ಲ. ಹಿಂದಿನ ಚಕ್ರವನ್ನು ತಡೆಯುವ ಕೆಲಸ ಈ ಭಾಗಗಳ ಮೇಲೆಯೇ ನಿಂತಿದೆ. ಅವುಗಳಲ್ಲಿ ಒಂದು ಕೈಕೊಟ್ಟರೆ ಕಾಲಿನ ಬ್ರೇಕ್ ಪೂರ್ತಿ ಹೋದಂತೆ. ನಮ್ಮ ಕಾಸರಗೋಡಿನ ಕಡೆ ತಲಪಾಡಿಯಿಂದ ಚೆಂಗಳದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ಹೋಗುವವರಿಗೂ, ಕುಂಬಳೆ–ಬದಿಯಡ್ಕ ರಸ್ತೆಯ ಏರಿಳಿತಗಳಲ್ಲಿ ತುಳಿಯುವವರಿಗೂ ಇದು ಒಂದೇ. ಆದ್ದರಿಂದ ಸದ್ದು ಕೇಳಿಸಿದ ದಿನವೇ ಮೂಲ ಹುಡುಕಬೇಕು.

ಸ್ಪ್ಯಾನರ್ ಹಿಡಿಯುವ ಮುನ್ನ ಎರಡು ವಿಷಯ. ರಸ್ತೆಗಿಳಿಯುವ ಫಿಕ್ಸ್‌ಡ್ ಗೇರ್ ಸೈಕಲಿಗೆ ಮುಂದಿನ ಬ್ರೇಕ್ ಇರಲೇಬೇಕು. ಟ್ರ್ಯಾಕಿನ (ಪಂದ್ಯದ ಸುತ್ತುಹಾದಿಯ) ಸೈಕಲಿಗೆ ಬ್ರೇಕ್ ಇಲ್ಲ ನಿಜ. ಆದರೆ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಅಡ್ಡ ಬರುವ ಆಟೋ ಇರುವುದಿಲ್ಲ. ಚೈನು ಬಿದ್ದರೆ, ತುಂಡಾದರೆ, ಕಾಗ್ ಕಳಚಿದರೆ ಉಳಿಯುವುದು ಮುಂದಿನ ಬ್ರೇಕ್ ಒಂದೇ. ಅದಿಲ್ಲದ ಸೈಕಲಿಗೆ ಈ ಕೈಪಿಡಿಯ ಮೊದಲ ರಿಪೇರಿ ಎಂದರೆ ಅದನ್ನು ಹಾಕಿಸುವುದು.

ಎರಡನೆಯದು ಬೆರಳಿನ ವಿಷಯ. ಫ್ರೀವೀಲ್ ಸೈಕಲಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಬಟ್ಟೆಯಲ್ಲಿ ಚೈನು ಒರೆಸುವುದು ಎಲ್ಲರಿಗೂ ರೂಢಿ. ಇಲ್ಲಿ ಅದನ್ನು ಮಾಡಬಾರದು. ಚಕ್ರ ಒಮ್ಮೆ ತಿರುಗತೊಡಗಿದರೆ ಅದರ ತೂಕವೇ ಚೈನನ್ನು ಎಳೆಯುತ್ತದೆ. ಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿದರೆ ಅದರ ಹಿಂದೆಯೇ ಬೆರಳು ಹೋಗುತ್ತದೆ, ಬಿಡಿಸಿಕೊಳ್ಳುವಷ್ಟು ಸಮಯ ಸಿಗುವುದಿಲ್ಲ. ಬೆರಳ ತುದಿ ತುಂಡಾದವರಿದ್ದಾರೆ. ಚೈನನ್ನು ನಿಲ್ಲಿಸಿಯೇ ಒರೆಸಿ. ಕೆಳಗಿನ ಸಾಲಿನ ನಡುವೆ ಒಂದು ಗೇಣು ಒರೆಸಿ, ಕೈ ತೆಗೆದು, ಚಕ್ರ ಸ್ವಲ್ಪ ಸರಿಸಿ, ನಿಲ್ಲಿಸಿ, ಮತ್ತೆ ಒಂದು ಗೇಣು. ಮುಂಡು, ಲುಂಗಿ, ಸಡಿಲ ಪ್ಯಾಂಟು, ಬಿಚ್ಚಿದ ಶೂ ಲೇಸಿಗೂ ಇದೇ ಎಚ್ಚರಿಕೆ. ಸಿಕ್ಕಿಕೊಂಡಾಗ ಚೈನು ತಾನಾಗಿ ನಿಲ್ಲುವುದಿಲ್ಲ.

ಸಡಿಲ ಎಲ್ಲಿದೆ?

ಸೈಕಲನ್ನು ಗೋಡೆಗೆ ಒರಗಿಸಿ. ಬಲಗಡೆಯ ಕ್ರ್ಯಾಂಕ್ ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕಿರಲಿ. ಒಬ್ಬರು ಹಿಂದಿನ ಚಕ್ರದ ರಿಮ್ಮನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಪೆಡಲಿನ ತುದಿಯನ್ನು ಮೇಲಕ್ಕೆ ಕೆಳಕ್ಕೆ ನಿಧಾನವಾಗಿ ಅಲ್ಲಾಡಿಸಲಿ. ಚಕ್ರ ಅಲುಗದೆ ಪೆಡಲ್ ಎಷ್ಟು ಸರಿಯುತ್ತದೆ ಎಂಬುದೇ ನಮಗೆ ಬೇಕಾದ ಅಳತೆ.

ಸರಿಯಾದ ಬಿಗಿಯ ಚೈನಿನಲ್ಲಿ ಈ ಸರಿತ ಪೆಡಲಿನ ತುದಿಯಲ್ಲಿ ಕೆಲವೇ ಮಿ.ಮೀ. ಚೈನು ನಡುವೆ ಒಂದು ಸೆಂ.ಮೀ. ಕುಣಿದರೂ ಉದ್ದದಲ್ಲಿ ಅದು ಕೊಡುವ ಸಡಿಲ ಒಂದು ಮಿ.ಮೀ.ಗೂ ಕಡಿಮೆ. ಹಾಗಾಗಿ ಪೆಡಲ್ ಒಂದು ಸೆಂ.ಮೀ. ದಾಟಿ ಅಲ್ಲಾಡಿದರೆ ‘ಚೈನು ಸ್ವಲ್ಪ ಲೂಸ್’ ಎಂದು ಸಮಾಧಾನಪಡುವಂತಿಲ್ಲ. ಒಂದೋ ಚೈನು ತೀರಾ ಜೋತುಬಿದ್ದಿರುತ್ತದೆ, ಅದು ಕಣ್ಣಿಗೇ ಕಾಣುತ್ತದೆ. ಇಲ್ಲವೇ ಬೇರೆ ಏನೋ ಕಳಚುತ್ತಿದೆ.

ಅಲ್ಲಾಡಿಸುತ್ತಲೇ ಕಣ್ಣನ್ನು ಪೆಡಲಿನಿಂದ ಹಿಂದಕ್ಕೆ ಒಂದೊಂದೇ ಸಂದಿಗೆ ಸರಿಸಿ. ಪೆಡಲ್ ಕ್ರ್ಯಾಂಕಿಗೆ ಸೇರುವಲ್ಲಿ, ಕ್ರ್ಯಾಂಕ್ ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಎರಡು ಕ್ರ್ಯಾಂಕುಗಳ ನಡುವಿನ ಬೇರಿಂಗ್) ಆಕ್ಸಲಿಗೆ ಸೇರುವಲ್ಲಿ, ಚೈನ್‌ರಿಂಗಿನ (ಮುಂದಿನ ದೊಡ್ಡ ಹಲ್ಲುಚಕ್ರದ) ಬೋಲ್ಟುಗಳಲ್ಲಿ, ಕಾಗ್ ಮತ್ತು ಹಬ್ಬಿನ (ಚಕ್ರದ ನಡುಭಾಗದ) ನಡುವೆ, ಕೊನೆಗೆ ಚಕ್ರದ ಆಕ್ಸಲ್ ಕೂರುವ ಫ್ರೇಮಿನ ಡ್ರಾಪ್‌ಔಟಿನಲ್ಲಿ. ಒಂದು ಬೆರಳನ್ನು ಎರಡು ಭಾಗಗಳ ಮೇಲೆ ಅಡ್ಡಲಾಗಿ ಇಟ್ಟರೆ ಕಣ್ಣಿಗೆ ಕಾಣದ ಸರಿತವೂ ಚರ್ಮಕ್ಕೆ ತಿಳಿಯುತ್ತದೆ. ಕಿವಿಗಿಂತ ಬೆರಳನ್ನು ನಂಬಿ. ಲೋಹದ ಚೌಕಟ್ಟಿನಲ್ಲಿ ಸದ್ದು ಎಲ್ಲೆಲ್ಲೋ ಹರಿದು, ಹಬ್ಬಿನ ಟಕ್ ಪೆಡಲಿನದು ಎಂದು ಅನ್ನಿಸುವುದು ಸಾಮಾನ್ಯ.

ಓಡಿಸುವಾಗ ಮಾತ್ರ ಬರುವ ಸದ್ದಾದರೆ ಲೆಕ್ಕ ಹಾಕಿ. ಮುಂದೆ 44, ಹಿಂದೆ 17 ಹಲ್ಲಿನ ಗೇರ್ ಎಂದಿಟ್ಟುಕೊಳ್ಳಿ. ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ ಸದ್ದು ಬಂದರೆ ದೋಷ ಪೆಡಲ್, ಕ್ರ್ಯಾಂಕ್, ಚೈನ್‌ರಿಂಗ್ ಅಥವಾ ಬಿ.ಬಿ.ಯಲ್ಲಿದೆ. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಎರಡೂವರೆ ಸಲ ಬಂದರೆ ಅದು ಹಿಂದಿನ ಚಕ್ರದ್ದು: ಹಬ್, ಕಡ್ಡಿ, ಟಯರು. ಪೆಡಲಿನ ಎರಡು ಸುತ್ತಿಗಿಂತ ಸ್ವಲ್ಪ ಹೆಚ್ಚಿಗೆ ಒಮ್ಮೆ ಬಂದರೆ ಚೈನಿನದು. 96 ಕೊಂಡಿಯ ಚೈನು 44 ಹಲ್ಲಿನ ಮೇಲೆ ಪೂರ್ತಿ ಸುತ್ತು ಹಾಕಲು ಅಷ್ಟು ಬೇಕು. ಎಲ್ಲೋ ಒಂದು ಕೊಂಡಿ ಬಿಗಿದುಕೊಂಡಿರುತ್ತದೆ. ಮಳೆಯಲ್ಲಿ ನೆನೆಸಿ ಹಾಗೇ ನಿಲ್ಲಿಸಿದ ಸೈಕಲಿನಲ್ಲಿ ಇದು ತೀರಾ ಸಾಮಾನ್ಯ.

ಕಾಗ್ ಮತ್ತು ಲಾಕ್‌ರಿಂಗ್

ಎಲ್ಲಕ್ಕಿಂತ ಅಪಾಯದ ಜಾಗ ಇದು. ಅದಕ್ಕೇ ವಿವರವಾಗಿ ಹೇಳುತ್ತೇವೆ.

ಸರಿಯಾದ ಟ್ರ್ಯಾಕ್ ಹಬ್ಬಿನ ಬಲಗಡೆ ಎರಡು ಮೆಟ್ಟಿಲಿನ ಥ್ರೆಡ್ ಇರುತ್ತದೆ. ಒಳಗಿನ ದೊಡ್ಡ ಮೆಟ್ಟಿಲಿಗೆ ಕಾಗ್ ಕೂರುತ್ತದೆ, ಅದು ಸಾಮಾನ್ಯ ಥ್ರೆಡ್: 1.37 ಇಂಚು ಅಗಲ, ಇಂಚಿಗೆ 24 ಸುತ್ತು. ಹೊರಗಿನ ಚಿಕ್ಕ ಮೆಟ್ಟಿಲಿಗೆ ಲಾಕ್‌ರಿಂಗ್. ಅದರ ಥ್ರೆಡ್ ಉಲ್ಟಾ, ಹೆಚ್ಚಿನ ಹಬ್ಬುಗಳಲ್ಲಿ 1.29 ಇಂಚು. ಮುಂದಕ್ಕೆ ತುಳಿದರೆ ಕಾಗ್ ಬಿಗಿಯುತ್ತದೆ. ಹಿಂದಕ್ಕೆ ಒತ್ತಿದರೆ ಕಾಗ್ ಬಿಚ್ಚಲು ನೋಡುತ್ತದೆ, ಆದರೆ ಬಿಚ್ಚುವ ಕಾಗ್ ಲಾಕ್‌ರಿಂಗನ್ನು ತಳ್ಳುವುದು ಅದು ಬಿಗಿಯುವ ದಿಕ್ಕಿಗೇ. ಒಂದು ಇನ್ನೊಂದನ್ನು ಕಾಯುವ ಈ ಏರ್ಪಾಟು ಎರಡೂ ತಾಗಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ತಾಗಿಕೊಂಡಿರದೆ ಹೋಗುವುದು ಹೀಗೆ. ಅಂಗಡಿಯಲ್ಲಿ ಕಾಗನ್ನು ಕೈಯಳತೆಯಲ್ಲಿ ಬಿಗಿದು, ಮೇಲೆ ಲಾಕ್‌ರಿಂಗನ್ನು ಚೆನ್ನಾಗಿ ಬಿಗಿಯುತ್ತಾರೆ. ಸವಾರ ಮೊದಲ ದೊಡ್ಡ ಏರು ಹತ್ತುವಾಗ ಕಾಗ್ ಇನ್ನೂ ಸ್ವಲ್ಪ ಒಳಕ್ಕೆ ಹೋಗುತ್ತದೆ. ಲಾಕ್‌ರಿಂಗ್ ಇದ್ದಲ್ಲೇ ಇರುತ್ತದೆ. ನಡುವೆ ಒಂದು ಕಾಗದದಷ್ಟು ಸಂದು ಬೀಳುತ್ತದೆ. ಇಳಿಜಾರಿನಲ್ಲಿ ಹಿಂದಕ್ಕೆ ಒತ್ತಿದಾಗ ಕಾಗ್ ಅಷ್ಟು ದೂರ ಬಿಚ್ಚಿ ಬಂದು ಲಾಕ್‌ರಿಂಗಿಗೆ ಬಡಿಯುತ್ತದೆ. ಟಕ್. ಮುಂದಕ್ಕೆ ತುಳಿದರೆ ಮತ್ತೆ ಒಳಕ್ಕೆ. ಟಕ್. ಪ್ರತಿ ಬಡಿತಕ್ಕೂ ಅಲ್ಯೂಮಿನಿಯಂ ಹಬ್ಬಿನ ಥ್ರೆಡ್ ಸ್ವಲ್ಪ ಸವೆಯುತ್ತದೆ, ಏಕೆಂದರೆ ಕಾಗ್ ಉಕ್ಕಿನದು. ಕೊನೆಗೊಂದು ದಿನ ಥ್ರೆಡ್ ಪೂರ್ತಿ ಕಿತ್ತು ಬರುತ್ತದೆ. ಆ ದಿನ ಸಾಮಾನ್ಯವಾಗಿ ಇಳಿಜಾರಿನಲ್ಲೇ ಬರುತ್ತದೆ, ಅಲ್ಲಿಯೇ ಅತಿ ಜೋರಾಗಿ ಹಿಂದಕ್ಕೆ ಒತ್ತುವುದು.

ಪರೀಕ್ಷೆ ಸುಲಭ. ಹಬ್, ಕಾಗ್, ಲಾಕ್‌ರಿಂಗ್ ಮೂರರ ಮೇಲೂ ಹಾದುಹೋಗುವಂತೆ ನೈಲ್‌ಪಾಲಿಶಿನಲ್ಲಿ ಒಂದು ತೆಳು ಗೆರೆ ಎಳೆಯಿರಿ. ಮುಂದಿನ ಸವಾರಿ ಮುಗಿದ ಮೇಲೆ ನೋಡಿ. ಗೆರೆ ಕಾಗಿನಲ್ಲಿ ಮುಂದೆ ಸರಿದು ಲಾಕ್‌ರಿಂಗಿನಲ್ಲಿ ಇದ್ದಲ್ಲೇ ಇದ್ದರೆ ಸಂದು ಬಿದ್ದಿದೆ ಎಂದರ್ಥ. ಗೆರೆಯ ಎರಡು ತುಂಡುಗಳ ನಡುವೆ ಬಣ್ಣ ಪುಡಿಯಾಗಿದ್ದರೆ ಕಾಗ್ ಹೋಗಿ ಬಂದು ಮಾಡುತ್ತಿದೆ. ಲಾಕ್‌ರಿಂಗಿನ ಅಂಚಿನಲ್ಲಿ ಬೂದುಬಣ್ಣದ ಹೊಳೆಯುವ ಪುಡಿ, ಸಣ್ಣ ಸುರುಳಿ ಕಂಡರೆ ಥ್ರೆಡ್ ಈಗಾಗಲೇ ತಿನ್ನಿಸಿಕೊಂಡಿದೆ. ಅದು ಗ್ರೀಸಿನ ಕೊಳೆ ಎಂದು ಒರೆಸಿ ಬಿಡಬೇಡಿ.

ಸರಿಪಡಿಸುವ ಕ್ರಮ: ಲಾಕ್‌ರಿಂಗ್ ಬಿಚ್ಚಿ (ಉಲ್ಟಾ ಥ್ರೆಡ್, ಆದ್ದರಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ). ಚೈನ್ ವಿಪ್ಪಿನಲ್ಲಿ (ಚೈನಿನ ತುಂಡು ಜೋಡಿಸಿದ ಹಿಡಿ) ಕಾಗ್ ಬಿಚ್ಚಿ. ಎರಡೂ ಥ್ರೆಡ್‌ಗಳನ್ನು ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಹಬ್ಬಿನ ಥ್ರೆಡ್‌ನ ತಲೆ ಚೂಪಾಗಿ, ಸಮನಾಗಿ ಇದೆಯೇ ನೋಡಿ. ಚಪ್ಪಟೆಯಾಗಿದ್ದರೆ, ಒಂದು ಕಡೆ ಮುರಿದಿದ್ದರೆ ಹಬ್ ಬದಲಿಸಬೇಕು, ಬೇರೆ ದಾರಿಯಿಲ್ಲ. ಥ್ರೆಡ್ ಚೆನ್ನಾಗಿದ್ದರೆ ತೆಳುವಾಗಿ ಗ್ರೀಸ್ ಸವರಿ ಕಾಗನ್ನು ಮೊದಲು ಕೈಯಲ್ಲಿ ಕೂರಿಸಿ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಅಡ್ಡ ಹತ್ತಿದೆ, ನಿಲ್ಲಿಸಿ. ಆಮೇಲೆ ಚೈನ್ ವಿಪ್ಪಿನಲ್ಲಿ ಮೈಭಾರ ಹಾಕಿ ಬಿಗಿಯಿರಿ. ಲಾಕ್‌ರಿಂಗನ್ನು ಅದರದೇ ಕೊಕ್ಕೆ ಸ್ಪ್ಯಾನರಿನಲ್ಲಿ 30–40 ನ್ಯೂಟನ್ ಮೀಟರ್ ಬಿಗಿಗೆ ತನ್ನಿ. 20 ಸೆಂ.ಮೀ. ಹಿಡಿಯ ತುದಿಯಲ್ಲಿ 15–20 ಕಿಲೋ ಭಾರ ತೂಗಿಸಿದಷ್ಟು ಬಲ ಅದು. ಉಳಿ, ಸುತ್ತಿಗೆ ಬೇಡ. ಲಾಕ್‌ರಿಂಗಿನ ಕಚ್ಚು ಒಮ್ಮೆ ಮುರಿದರೆ ಮುಂದಿನ ಸಲ ಬಿಚ್ಚುವುದಕ್ಕೂ ಬಿಗಿಯುವುದಕ್ಕೂ ಹಿಡಿತ ಸಿಗುವುದಿಲ್ಲ.

ಇಲ್ಲಿಗೆ ಕೆಲಸ ಅರ್ಧ ಮುಗಿಯಿತು. ಈಗ ಹತ್ತಿರದ ಯಾವುದಾದರೂ ಒಳ್ಳೆಯ ಏರನ್ನು ಸೀಟಿನಿಂದ ಎದ್ದು ತುಳಿಯಿರಿ. ಹಿಂದಕ್ಕೆ ಒತ್ತಬೇಡಿ, ಬರುವಾಗ ಮುಂದಿನ ಬ್ರೇಕಿನಲ್ಲೇ ಇಳಿಯಿರಿ. ಮನೆಗೆ ಬಂದು ಲಾಕ್‌ರಿಂಗನ್ನು ಮತ್ತೊಮ್ಮೆ ಬಿಗಿಯಿರಿ. ಹೆಚ್ಚಿನ ಸಲ ಅದು ಇನ್ನೊಂದಿಷ್ಟು ತಿರುಗುತ್ತದೆ. ಹೊಸ ಕಾಗ್ ಹಾಕಿಸಿದವರು ಬಿಟ್ಟುಬಿಡುವ ಹಂತ ಇದೇ, ಆಮೇಲಿನ ದೂರುಗಳ ಮೂಲವೂ ಇದೇ.

ಈಗ ವೆಲ್ಡ್ ಮಾಡಿಸಿದ ಫ್ರೀವೀಲಿನ ಮಾತು. ಟ್ರ್ಯಾಕ್ ಹಬ್ ನಮ್ಮ ಕಡೆಯ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಹಳೆಯ ಸೈಕಲಿನ ಫ್ರೀವೀಲನ್ನು ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿ ಫಿಕ್ಸ್‌ಡ್ ಮಾಡಿಕೊಳ್ಳುವ ಹುಡುಗರು ಬಹಳ. ನೋಡಲು ಕೆಲಸ ಆದಂತೆಯೇ ಕಾಣುತ್ತದೆ, ಮುಂದಕ್ಕೆ ಚೆನ್ನಾಗಿಯೇ ಓಡುತ್ತದೆ. ಆದರೆ ಆ ಹಬ್ಬಿನಲ್ಲಿ ಲಾಕ್‌ರಿಂಗಿನ ಉಲ್ಟಾ ಥ್ರೆಡ್ ಇಲ್ಲ. ಹಿಂದಕ್ಕೆ ಜೋರಾಗಿ ಒತ್ತಿದಾಗ ವೆಲ್ಡ್ ಮಾಡಿದ ಫ್ರೀವೀಲ್ ಪೂರ್ತಿಯಾಗಿ ಬಿಚ್ಚಿಕೊಂಡು ಬರುವುದನ್ನು ತಡೆಯುವವರು ಯಾರೂ ಇಲ್ಲ. ಥ್ರೆಡ್‌ಲಾಕ್ ಅಂಟು ಹಾಕಿದರೂ, ಮೇಲೊಂದು ಸಾದಾ ಬಿ.ಬಿ. ರಿಂಗ್ ಬಿಗಿದರೂ ಭರವಸೆಯಿಲ್ಲ, ಆ ರಿಂಗೂ ಕಾಗ್ ಬಿಚ್ಚುವ ದಿಕ್ಕಿಗೇ ಬಿಚ್ಚುತ್ತದೆ. ಹಬ್ಬಿಗೇ ಸೇರಿಸಿ ವೆಲ್ಡ್ ಮಾಡಿಸಿದರೆ ಬಿಸಿಗೆ ಹಬ್ ಸೊಟ್ಟಗಾಗಿ ಬೇರಿಂಗಿನ ಕಪ್ ಹಾಳಾಗುತ್ತದೆ. ಇಂಥ ಸೈಕಲಿನಲ್ಲಿ ಟಕ್ ಕೇಳಿದರೆ ನಾವು ಹೇಳುವುದು ಒಂದೇ: ಇನ್ನು ಹಿಂದಕ್ಕೆ ಒತ್ತಬೇಡಿ, ಮುಂದೆ ಹಿಂದೆ ಎರಡೂ ಬ್ರೇಕ್ ಹಾಕಿಸಿ, ದುಡ್ಡು ಕೂಡಿದಾಗ ಟ್ರ್ಯಾಕ್ ಹಬ್ಬಿನ ಚಕ್ರ ಕಟ್ಟಿಸಿ.

ಫ್ಲಿಪ್‌ಫ್ಲಾಪ್ ಹಬ್ ಇರುವವರೂ ಇದನ್ನು ಗಮನಿಸಬೇಕು. ಒಂದು ಕಡೆ ಕಾಗಿಗೆ, ಇನ್ನೊಂದು ಕಡೆ ಫ್ರೀವೀಲಿಗೆ. ಫ್ರೀವೀಲಿನ ಕಡೆಗೂ ಕಾಗ್ ಹತ್ತುತ್ತದೆ, ಆದರೆ ಅಲ್ಲಿ ಎರಡನೇ ಮೆಟ್ಟಿಲಿಲ್ಲ. ಚಕ್ರ ತಿರುಗಿಸಿ ಹಾಕುವಾಗ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ.

ಚೈನು

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಪಡುವಣದಲ್ಲಿ ಉಪ್ಪುಗಾಳಿ, ಒಳನಾಡಿನ ರಸ್ತೆಗಳಲ್ಲಿ ಮುರಕಲ್ಲಿನ ಕೆಂಪು ಕೆಸರು. ಚೈನಿನ ಪಿನ್ನುಗಳ ನಡುವೆ ಎಣ್ಣೆಯೊಡನೆ ಈ ಕೆಸರು ಬೆರೆತರೆ ಸಾಣೆ ಹಿಡಿದಂತೆಯೇ. ಹಾಗಾಗಿ ನಮ್ಮಲ್ಲಿ ಚೈನಿನ ಆಯಸ್ಸು ಕಡಿಮೆ.

ಬಿಗಿ ನೋಡುವ ಬಗೆ: ಚೈನಿನ ಮೇಲಿನ ಸಾಲಿನ ನಟ್ಟನಡುವೆ ಬೆರಳಿಟ್ಟು ಮೇಲಕ್ಕೆ ಕೆಳಕ್ಕೆ ಒತ್ತಿ. ಒಟ್ಟು ಒಂದು ಸೆಂ.ಮೀ. ಆಸುಪಾಸು ಕುಣಿಯಬೇಕು. ಒಂದು ಕಡೆ ನೋಡಿದರೆ ಸಾಲದು. ಕ್ರ್ಯಾಂಕನ್ನು ಕಾಲುಭಾಗ ಕಾಲುಭಾಗ ತಿರುಗಿಸುತ್ತ ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಎದುರು ಕಡೆ ಸಡಿಲ ಇದ್ದರೆ ಚೈನ್‌ರಿಂಗ್ ನಡುವಿಗೆ ಸರಿಯಾಗಿ ಕೂತಿಲ್ಲ. ಚೈನ್‌ರಿಂಗಿನ ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಅತಿ ಬಿಗಿಯಾದ ಜಾಗಕ್ಕೆ ಕ್ರ್ಯಾಂಕ್ ತಂದು, ಚೈನಿನ ಮೇಲಿನ ಸಾಲನ್ನು ಸ್ಪ್ಯಾನರಿನ ಹಿಡಿಯಿಂದ ಮೆಲ್ಲನೆ ತಟ್ಟಿ. ರಿಂಗ್ ಕೂದಲೆಳೆಯಷ್ಟು ಸರಿದು ಬಿಗಿ ಹಂಚಿಕೊಳ್ಳುತ್ತದೆ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ. ಸಮವಾದ ಮೇಲೆ ಬೋಲ್ಟುಗಳನ್ನು 5 ಮಿ.ಮೀ. ಅಲೆನ್ ಕೀಯಲ್ಲಿ ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ಒಂದಿಷ್ಟು ಏರುಪೇರು ಉಳಿದೇ ಉಳಿಯುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ಚೈನು ಸ್ವಲ್ಪವಾದರೂ ಕುಣಿಯುವಂತೆ ಚಕ್ರವನ್ನು ಹೊಂದಿಸಿದರೆ ಸಾಕು.

ಬಿಗಿ ಜಾಸ್ತಿಯಾದರೆ ಬೇರಿಂಗ್ ಕಿರುಗುಡುತ್ತದೆ, ಪೆಡಲ್ ಭಾರವಾಗುತ್ತದೆ, ಚೈನು ಬೇಗ ಸವೆಯುತ್ತದೆ. ಸಡಿಲ ಜಾಸ್ತಿಯಾದರೆ ಚೈನು ಬೀಳುತ್ತದೆ. ಎರಡನೆಯದು ಹೆಚ್ಚು ಅಪಾಯ. ಫ್ರೀವೀಲ್ ಸೈಕಲಿನಲ್ಲಿ ಬಿದ್ದ ಚೈನು ಬರೀ ತೊಂದರೆ, ಇಲ್ಲಿ ಅದು ಕಾಗಿಗೂ ಫ್ರೇಮಿಗೂ ನಡುವೆ ಸಿಕ್ಕಿ ಹಿಂದಿನ ಚಕ್ರವನ್ನು ಅಲ್ಲೇ ಕಟ್ಟಿಹಾಕಬಹುದು. ಓಡುತ್ತಿರುವಾಗ ಹಾಗಾದರೆ ಹ್ಯಾಂಡಲ್ ನೇರ ಹಿಡಿದು ಮುಂದಿನ ಬ್ರೇಕನ್ನು ಹಂತಹಂತವಾಗಿ ಒತ್ತಿ.

ಬಿಗಿ ಸರಿಯಿದ್ದೂ ಚೈನು ಬೀಳುತ್ತಿದ್ದರೆ ಚೈನ್‌ಲೈನ್ ನೋಡಿ. ಫ್ರೇಮಿನ ನಡುಗೆರೆಯಿಂದ ಚೈನ್‌ರಿಂಗಿನ ಹಲ್ಲಿಗೆ ಎಷ್ಟು ದೂರವೋ, ಹಿಂದೆ ಕಾಗಿನ ಹಲ್ಲಿಗೂ ಅಷ್ಟೇ ಇರಬೇಕು. ಟ್ರ್ಯಾಕ್ ಹಬ್ಬುಗಳಲ್ಲಿ ಇದು ಸಾಮಾನ್ಯವಾಗಿ 42 ಮಿ.ಮೀ. ಒಂದೆರಡು ಮಿ.ಮೀ. ವ್ಯತ್ಯಾಸ ನಡೆದೀತು. ಅದಕ್ಕಿಂತ ಹೆಚ್ಚಾದರೆ ಬಿ.ಬಿ. ಆಕ್ಸಲಿನ ಉದ್ದ ಬದಲಿಸಬೇಕು. ಇನ್ನೊಂದು ಕಾರಣ ಅಗಲದ ಹೊಂದಾಣಿಕೆ: 1/8 ಇಂಚಿನ ಚೈನು 3/32 ಇಂಚಿನ ಕಾಗಿನ ಮೇಲೆ ಓಡುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೆ. 3/32 ಚೈನು 1/8 ಕಾಗಿನ ಮೇಲೆ ಕೂರುವುದೇ ಇಲ್ಲ. ಗೇರ್ ಸೈಕಲಿನಲ್ಲಿರುವಂಥ ಸ್ಪ್ರಿಂಗ್ ಟೆನ್ಷನರನ್ನು ಎಂದೂ ಹಾಕಬೇಡಿ. ಹಿಂದಕ್ಕೆ ಒತ್ತಿದಾಗ ಕೆಳಗಿನ ಸಾಲು ಬಿಗಿದು ಅದನ್ನು ಕಿತ್ತೆಸೆಯುತ್ತದೆ.

ಸವೆತ ಅಳೆಯಲು ಶಾಲೆಮಕ್ಕಳ ಉಕ್ಕಿನ ಸ್ಕೇಲ್ ಸಾಕು. ಚೈನಿನ ಒಂದು ಕೊಂಡಿ ಅರ್ಧ ಇಂಚು, ಹೊಸ ಚೈನಿನಲ್ಲಿ 24 ಕೊಂಡಿ ಎಂದರೆ ಸರಿಯಾಗಿ 12 ಇಂಚು, 304.8 ಮಿ.ಮೀ. ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಿರಿ. 306.4 ಮಿ.ಮೀ. ಮುಟ್ಟಿದರೆ ಚೈನು ಬದಲಿಸಿ. 308 ಮುಟ್ಟಿದ್ದರೆ ಕಾಗೂ ಹೋಗಿರುತ್ತದೆ. ಹೊಸ ಚೈನನ್ನು ಹಳೆ ಕಾಗಿನ ಮೇಲೆ ಹಾಕಿದರೆ ಅದು ಹಲ್ಲಿನ ಮೇಲೆ ಹತ್ತಿ ಜಾರುತ್ತದೆ. ಕಾಗಿನ ಹಲ್ಲುಗಳು ಎರಡು ಬದಿಯೂ ತೆಳ್ಳಗಾಗಿ ಮುಳ್ಳಿನಂತಾಗುವುದು ಫಿಕ್ಸ್‌ಡ್ ಗೇರಿನ ಗುರುತು, ಇಲ್ಲಿ ಎರಡೂ ಬದಿಗೆ ಬಲ ಬೀಳುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ. ಮನೆಯಲ್ಲಿ ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಾಕಬೇಡಿ, ಅದು ದಿನ ಹೋದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಬೈಕಿನಿಂದ ತೆಗೆದ ಕರಿ ಆಯಿಲ್ ಇನ್ನೂ ಕೆಟ್ಟದ್ದು, ಅದರಲ್ಲೇ ಲೋಹದ ಪುಡಿ ಇರುತ್ತದೆ. ಮಳೆಗಾಲಕ್ಕೆ ದಪ್ಪ ಚೈನ್ ಆಯಿಲ್, ಬೇಸಗೆಗೆ ತೆಳುವಿನದು. ಪ್ರತಿ ರೋಲರಿಗೆ ಒಂದೊಂದೇ ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದದ್ದು ಪಿನ್ನಿನ ಒಳಗೆ, ಹೊರಗೆ ಉಳಿದದ್ದು ಕೆಸರಿಗೆ ಅಂಟು.

ಚಕ್ರ ಓರೆಯಾಗುತ್ತಿದ್ದರೆ

ಏರಿನಲ್ಲಿ ಎದ್ದು ತುಳಿದಾಗ ಟಯರು ಎಡಗಡೆಯ ಚೈನ್‌ಸ್ಟೇಗೆ (ಬಿ.ಬಿ.ಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ) ಉಜ್ಜಿದರೆ ಆಕ್ಸಲ್ ಜಾರಿದೆ ಎಂದು ತಿಳಿಯಿರಿ. ಚೈನು ಬಲತುದಿಯನ್ನು ಮುಂದಕ್ಕೆ ಎಳೆಯುತ್ತದೆ, ಚಕ್ರದ ಮುಂಭಾಗ ಎಡಕ್ಕೆ ತಿರುಗುತ್ತದೆ. ಹಿಂದಿನ ಟ್ರ್ಯಾಕ್ ಆಕ್ಸಲಿನ ನಟ್ಟಿಗೆ 15 ಮಿ.ಮೀ. ಸ್ಪ್ಯಾನರ್ ಬೇಕು. ಬೈಕಿನ ಅಡ್ಜಸ್ಟಬಲ್ ಸ್ಪ್ಯಾನರಿನಲ್ಲಿ ಬಿಗಿದರೆ ನಟ್ಟಿನ ಮೂಲೆ ಉರುಟಾಗುತ್ತದೆ. ನಟ್ಟಿನ ಥ್ರೆಡ್‌ಗೆ ಒಂದು ಹನಿ ಎಣ್ಣೆ ಇರಲಿ, ಡ್ರಾಪ್‌ಔಟಿನ ಮುಖಕ್ಕೆ ಮಾತ್ರ ಎಣ್ಣೆ, ಗ್ರೀಸ್, ದಪ್ಪ ಪೇಂಟ್ ಯಾವುದೂ ಬೇಡ. ನಟ್ಟಿನ ವಾಷರಿನ ಹಲ್ಲುಗಳು ಬರಿ ಲೋಹವನ್ನು ಕಚ್ಚಬೇಕು. ಬಿಗಿ 30–40 ನ್ಯೂಟನ್ ಮೀಟರ್, ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ.

ಚಕ್ರ ಹೊಂದಿಸುವಾಗ ಬಲ ನಟ್ಟನ್ನು ಅರೆಬಿಗಿ ಮಾಡಿ, ಚಕ್ರದ ಮುಂಭಾಗವನ್ನು ಎಡಕ್ಕೆ ತಳ್ಳಿ ಎಡ ನಟ್ಟು ಬಿಗಿಯಿರಿ. ಈಗ ಬಲ ಸಡಿಲಿಸಿ, ಚಕ್ರವನ್ನು ನಡುವಿಗೆ ತಂದರೆ ಬಲತುದಿ ಹಿಂದಕ್ಕೆ ಸರಿದು ಚೈನು ಬಿಗಿಯುತ್ತದೆ. ಹೀಗೆ ಒಂದೊಂದು ಬದಿಯನ್ನು ಹೆಜ್ಜೆ ಹಾಕಿಸಿದಂತೆ ಹಿಂದಕ್ಕೆ ತರುವುದು ಒಮ್ಮೆಲೇ ಎಳೆಯುವುದಕ್ಕಿಂತ ಸುಲಭ. ಪದೇ ಪದೇ ಜಾರುತ್ತಿದ್ದರೆ ಬಲಗಡೆಗೆ ಒಂದು ಚೈನ್ ಟಗ್ (ಆಕ್ಸಲನ್ನು ಹಿಂದಕ್ಕೆ ಎಳೆದು ಹಿಡಿಯುವ ತುಂಡು) ಹಾಕಿ.

ಕ್ರ್ಯಾಂಕ್, ಕಾಟರ್ ಪಿನ್, ಬಿ.ಬಿ.

ಪ್ರತಿ ಸುತ್ತಿಗೊಂದು ಸದ್ದು, ಅದೂ ಎಡಗಾಲು ತುಳಿಯುವಾಗ ಎಂದರೆ ಎಡ ಕ್ರ್ಯಾಂಕ್ ನೋಡಿ. ಚೌಕ ಆಕ್ಸಲಿನ ಕ್ರ್ಯಾಂಕಿಗೆ 35–40 ನ್ಯೂಟನ್ ಮೀಟರ್ ಬಿಗಿ ಬೇಕು. ಸಡಿಲವಾದದ್ದನ್ನು ಗೊತ್ತಿಲ್ಲದೆ ಬಹಳ ದೂರ ಓಡಿಸಿದ್ದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ಉರುಟಾಗಿರುತ್ತದೆ. ಆಮೇಲೆ ಎಷ್ಟು ಬಿಗಿದರೂ ಒಂದೆರಡು ದಿನಕ್ಕೆ ಮತ್ತೆ ಸಡಿಲ. ಕ್ರ್ಯಾಂಕ್ ಬದಲಿಸುವುದೇ ದಾರಿ.

ಹಳೆಯ ಕಪ್ಪು ಸೈಕಲಿನಿಂದ ಮಾಡಿಕೊಂಡ ಫಿಕ್ಸಿಯಲ್ಲಿ ಕ್ರ್ಯಾಂಕನ್ನು ಆಕ್ಸಲಿಗೆ ಬಿಗಿಹಿಡಿಯುವ ಕಾಟರ್ ಪಿನ್ ಇರುತ್ತದೆ. ಎರಡು ದಿಕ್ಕಿನ ಬಲಕ್ಕೆ ಈ ಪಿನ್ ಬೇಗ ಬಾಗುತ್ತದೆ. ನಟ್ಟು ಬಿಗಿದು ಪಿನ್ ಎಳೆಯಲು ಹೋಗಬೇಡಿ, ಥ್ರೆಡ್ ಕಿತ್ತು ಬರುತ್ತದೆ. ಕ್ರ್ಯಾಂಕಿನ ಕೆಳಗೆ ದಪ್ಪ ಪೈಪಿನ ತುಂಡು ಆನಿಸಿ, ಪಿನ್ನನ್ನು ಸುತ್ತಿಗೆಯಲ್ಲಿ ಕೂರಿಸಿ, ಆಮೇಲೆ ನಟ್ಟು. ಎರಡು ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೋಗಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಒಂದೆರಡು ಸವಾರಿಯ ನಂತರ ಮತ್ತೆ ಒಂದು ಪೆಟ್ಟು.

ಬಿ.ಬಿ. ಸಡಿಲ ತಿಳಿಯಲು ಎರಡೂ ಕ್ರ್ಯಾಂಕನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಬಿ.ಬಿ., ಒಂದೇ ಅಲ್ಲಾಡಿದರೆ ಕ್ರ್ಯಾಂಕ್. 68 ಮಿ.ಮೀ. ಇಂಗ್ಲಿಷ್ ಅಳತೆಯ ಬಿ.ಬಿ.ಯಲ್ಲಿ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್, ಪೆಡಲುಗಳಲ್ಲಿ ಎಡಗಡೆಯದಕ್ಕೆ ಉಲ್ಟಾ. ಮಳೆಗಾಲದಲ್ಲಿ ಸೀಟ್ ಪೋಸ್ಟಿನ ಸಂದಿಯಿಂದ ಇಳಿದ ನೀರು ಬಿ.ಬಿ.ಯಲ್ಲೇ ನಿಲ್ಲುತ್ತದೆ. ನೆನೆದು ಬಂದ ದಿನ ಪೋಸ್ಟ್ ತೆಗೆದು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿದರೆ ಎಷ್ಟು ನೀರು ಬರುತ್ತದೆಂದು ನೋಡಿಯೇ ತಿಳಿಯಬೇಕು.

ಟಯರು ಒಂದೇ ಕಡೆ ಸವೆದಿದ್ದರೆ

ಕಾಲಿನಿಂದ ಚಕ್ರ ಕಟ್ಟಿ ಸ್ಕಿಡ್ ಮಾಡುವವರ ಟಯರು ಒಂದೇ ಜಾಗದಲ್ಲಿ ದಾರ ಕಾಣುವಷ್ಟು ಸವೆಯುತ್ತದೆ. ತಪ್ಪು ಟಯರಿನದಲ್ಲ, ಹಲ್ಲಿನ ಲೆಕ್ಕದ್ದು. ಚೈನ್‌ರಿಂಗ್ ಮತ್ತು ಕಾಗಿನ ಹಲ್ಲುಗಳ ಮ.ಸಾ.ಅ. (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ತೆಗೆದು, ಕಾಗಿನ ಹಲ್ಲನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಜಾಗಗಳಲ್ಲಿ ಸ್ಕಿಡ್ ಹಂಚಿಹೋಗುತ್ತದೆ. 48/16ಕ್ಕೆ ಒಂದೇ ಜಾಗ. 44/16ಕ್ಕೆ ನಾಲ್ಕು. 44/17ಕ್ಕೆ ಹದಿನೇಳು. ಎಡಗಾಲು ಬಲಗಾಲು ಎರಡನ್ನೂ ಮುಂದಿಟ್ಟು ಸ್ಕಿಡ್ ಮಾಡುವವರಿಗೆ 43/17ರಲ್ಲಿ ಮೂವತ್ತನಾಲ್ಕು. ಒಂದು ಹಲ್ಲಿನ ವ್ಯತ್ಯಾಸಕ್ಕೆ ಟಯರಿನ ಆಯಸ್ಸು ಎಷ್ಟೋ ಪಟ್ಟು.

ನಮ್ಮ ಏರಿಳಿತದ ನಾಡಿಗೆ 44/17 ಒಳ್ಳೆಯ ಗೇರ್ ಎಂದು ನಮ್ಮ ಲೆಕ್ಕ. 700×25 ಟಯರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್. ಗಂಟೆಗೆ 25 ಕಿ.ಮೀ.ಗೆ ನಿಮಿಷಕ್ಕೆ 76–77 ಸುತ್ತು, ಆರಾಮ. ಇಳಿಜಾರಿನಲ್ಲಿ 40 ಮುಟ್ಟಿದರೆ ಕಾಲು 120 ದಾಟಬೇಕು, ಅಲ್ಲಿ ಸೀಟಿನ ಮೇಲೆ ಕುಪ್ಪಳಿಸತೊಡಗುತ್ತೀರಿ. ಚಕ್ರ ಸೊಟ್ಟಗಿದೆ ಎಂದು ಅಂಗಡಿಗೆ ತರುವ ಸೈಕಲುಗಳಲ್ಲಿ ಕೆಲವದ್ದು ಇದೇ ಕಾಯಿಲೆ. ಪೊಸಡಿ ಗುಂಪೆಯಂಥ ಗುಡ್ಡದಿಂದ ಇಳಿಯುವಾಗ ಕಾಲಿಗೆ ಬಿಡದೆ ಮೊದಲಿನಿಂದಲೇ ಮುಂದಿನ ಬ್ರೇಕಿನಲ್ಲಿ ವೇಗ ಹಿಡಿದಿಡಿ. ದೊಡ್ಡ ಗೇರ್ ಹಾಕಿ ಮೊಣಕಾಲು ನೋವು ಎನ್ನುವವರಿಗೆ ಕಾಗಿನಲ್ಲಿ ಒಂದೆರಡು ಹಲ್ಲು ಹೆಚ್ಚಿಸಿ ನೋಡುವುದೇ ಮೊದಲ ಮದ್ದು. ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗುತ್ತಿದ್ದರೆ 170ರ ಬದಲು 165 ಮಿ.ಮೀ. ಕ್ರ್ಯಾಂಕ್ ಹಾಕಿ. ತಿರುವಿನಲ್ಲಿ ಪೆಡಲ್ ಎತ್ತಿ ಹಿಡಿಯುವ ಅನುಕೂಲ ಈ ಸೈಕಲಿನಲ್ಲಿಲ್ಲ.

ಮುಂದಿನ ಬ್ರೇಕ್ ಹಿಡಿಯದಿದ್ದರೆ

ಉಕ್ಕಿನ ಕ್ರೋಮ್ ರಿಮ್ ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದಾಗ ಹಿಡಿತ ಬಹಳ ಇಳಿಯುತ್ತದೆ. ನಮ್ಮ ಮಳೆಗೆ ಅಲ್ಯೂಮಿನಿಯಂ ರಿಮ್ಮೇ ಸರಿ. ಬ್ರೇಕ್ ರಬ್ಬರಿನ ಮುಖದಲ್ಲಿ ಮರಳು, ಲೋಹದ ಚೂರು ಹುದುಗಿದ್ದರೆ ಸೂಜಿಯಲ್ಲಿ ಕಿತ್ತು, ಮುಖವನ್ನು ಉಪ್ಪುಕಾಗದದಲ್ಲಿ ಉಜ್ಜಿ. ರಿಮ್ಮಿಗೆ ಚೈನಿನ ಎಣ್ಣೆ ಹಾರಿದ್ದರೆ ಸೋಪುನೀರಿನಲ್ಲಿ ತೊಳೆಯಿರಿ. ಲಿವರ್ ಹ್ಯಾಂಡಲಿಗೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಹಿಡಿಯಬೇಕು, ಇಲ್ಲದಿದ್ದರೆ ಕೇಬಲ್ ಎಳೆದು ಕಟ್ಟಿ.

ಪೆಡಲಿನ ಪಟ್ಟಿಯನ್ನೂ ಬ್ರೇಕಿನ ಭಾಗವೆಂದೇ ಎಣಿಸಿ. ಪಟ್ಟಿಯ ಬಕಲ್ ಜಾರುತ್ತಿದ್ದರೆ, ಹೊಲಿಗೆ ಬಿಟ್ಟಿದ್ದರೆ ಹಿಂದಕ್ಕೆ ಒತ್ತಿದಾಗ ಪಾದ ಮೇಲೆದ್ದು ಬರುತ್ತದೆ, ಬಿಟ್ಟ ಪೆಡಲ್ ಸುತ್ತಿ ಬಂದು ಮೊಣಕಾಲ ಕೆಳಗೆ ಬಡಿಯುತ್ತದೆ.

ಎಲ್ಲ ನೋಡಿದರೂ ಸದ್ದು ಹೋಗದಿದ್ದರೆ

ಪೆಡಲ್ ಬಿಚ್ಚಿ ಥ್ರೆಡ್‌ಗೆ ಗ್ರೀಸ್ ಹಾಕಿ ಮತ್ತೆ ಬಿಗಿಯಿರಿ. ಚೈನ್‌ರಿಂಗಿನ ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ಒರೆಸಿ ಹಾಕಿ. ಹಿಂದಿನ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ, ಒಂದು ಜೋಡಿ ಮಾತ್ರ ಮೆತ್ತಗಿದ್ದರೆ ಅಲ್ಲಿಯೇ ಸದ್ದು. ಸೀಟಿನಿಂದ ಎದ್ದು ತುಳಿದಾಗ ನಿಲ್ಲುವ ಸದ್ದು ಸೀಟಿನ ಕಂಬಿಯದು. ಇಷ್ಟಾದ ಮೇಲೂ ಉಳಿದರೆ ಬಿ.ಬಿ.ಯ ಸುತ್ತ, ಡ್ರಾಪ್‌ಔಟಿನ ಮೂಲೆಯಲ್ಲಿ ಪೇಂಟ್ ಒರೆಸಿ ಬಿಸಿಲಿಗೆ ಹಿಡಿದು ನೋಡಿ. ಕೂದಲಿನಂಥ ತುಕ್ಕಿನ ಗೆರೆ ಕಂಡರೆ ಅದು ಫ್ರೇಮಿನ ಬಿರುಕು. ಓಡಿಸುವುದನ್ನು ನಿಲ್ಲಿಸಿ, ವೆಲ್ಡಿಂಗ್ ಗೊತ್ತಿರುವವರಿಗೆ ತೋರಿಸಿ.

ರಿಪೇರಿಯ ನಂತರದ ಮೊದಲ ಸವಾರಿ ಸಮತಟ್ಟಾದ, ಗಾಡಿ ಕಡಿಮೆಯಿರುವ ರಸ್ತೆಯಲ್ಲಿರಲಿ. ಮೊದಲು ಮುಂದಿನ ಬ್ರೇಕ್ ಹಿಡಿದು ನಿಲ್ಲಿಸಿ ನೋಡಿ, ಆಮೇಲೆ ನಿಧಾನವಾಗಿ ಕಾಲನ್ನು ಹಿಂದಕ್ಕೆ ಒತ್ತಿ, ಕೊನೆಗೆ ಜೋರಾಗಿ. ಜೇಬಿನಲ್ಲಿ 15 ಮಿ.ಮೀ. ಸ್ಪ್ಯಾನರ್, 5 ಮಿ.ಮೀ. ಅಲೆನ್ ಕೀ ಮತ್ತು ಚೈನಿನ ಅಗಲಕ್ಕೆ ಹೊಂದುವ ಒಂದು ಜೋಡುಕೊಂಡಿ ಇರಲಿ.